ಎರಡು ಪಾಲು ತಾಮ್ರ

ಮುಳ್ಳಣ್ಣ ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಗಾಳಿಗೆ ತಕ್ಕಡಿ ಅಲುಗಬಾರದೆಂದು ಯಾರಾದರೊಬ್ಬರು ಎದ್ದು ಫ್ಯಾನ್ ಆರಿಸುತ್ತಿದ್ದರು. ಅವನು ಕೇಳುವ ಮೊದಲೇ ಆರಿಸುವುದು ಆ ಬೀದಿಯ ಮರ್ಯಾದೆ. ಎರಡೂ ಬದಿಗೆ ಚಿನ್ನದ ಅಂಗಡಿಗಳಿದ್ದ ಬೀದಿ ಅದು. ಅಲ್ಲಿನ ಪ್ರತಿಯೊಂದು ತಕ್ಕಡಿಯನ್ನೂ ಅವನು ನಲವತ್ತು ವರ್ಷ ಬಿಚ್ಚಿ, ಒರೆಸಿ, ಸರಿಮಾಡಿ, ಮತ್ತೆ ಜೋಡಿಸಿದ್ದ. ಎರಡು ತಟ್ಟೆಯ ಹಳೆಯ ತಕ್ಕಡಿಗಳಿದ್ದ ಕಾಲದಲ್ಲಿ ಅವನ ಕಣ್ಣು ಸದಾ ನಡುವಿನ ಮುಳ್ಳಿನ ಮೇಲಿರುತ್ತಿತ್ತು. ಆ ಹೆಸರು ಹಾಗೆ ಬಂತು. ಆಮೇಲೆ ಕರೆಂಟಿನ ತಕ್ಕಡಿಗಳು ಬಂದು ಮುಳ್ಳು ಮಾಯವಾಯಿತು, ಹೆಸರು ಮಾತ್ರ ಉಳಿಯಿತು. ಮಾತೂ ಸ್ವಲ್ಪ ಚುಚ್ಚುತ್ತಿದ್ದುದರಿಂದ ಯಾರೂ ಬದಲಿಸುವ ಗೋಜಿಗೆ ಹೋಗಲಿಲ್ಲ.

ಅವನ ಮರದ ಪೆಟ್ಟಿಗೆಯಲ್ಲಿ ಹಿತ್ತಾಳೆಯ ತೂಕದ ಬಟ್ಟುಗಳು ಮಕಮಲ್ಲಿನ ಗುಳಿಗಳಲ್ಲಿ ಮಲಗಿರುತ್ತಿದ್ದವು. ಅವುಗಳನ್ನು ಅವನು ಬೆರಳಿನಿಂದ ಮುಟ್ಟುತ್ತಿರಲಿಲ್ಲ, ಚಿಮಟದಲ್ಲೇ ಎತ್ತಬೇಕು. "ಬೆವರಿಗೂ ತೂಕ ಇದೆ ಸ್ವಾಮಿ," ಎನ್ನುತ್ತಿದ್ದ. ಪೆಟ್ಟಿಗೆಯ ಮೂಲೆಯಲ್ಲಿ ಮೆತ್ತನೆಯ ಒಂದು ಬ್ರಷ್ಷು, ಒಂದು ಭೂತಗನ್ನಡಿ, ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯ ಒಂದು ಉಂಡೆ. ಹಳೆಯ ತಕ್ಕಡಿಯ ಒಂದು ತಟ್ಟೆ ಸವೆದು ಹಗುರವಾಗಿದ್ದರೆ, ಆ ತಂತಿಯ ತುಣುಕೊಂದನ್ನು ಕತ್ತರಿಸಿ ತಟ್ಟೆಯ ಕೊಕ್ಕೆಗೆ ಸುತ್ತುತ್ತಿದ್ದ. ಮುಳ್ಳು ಒಮ್ಮೆ ಅತ್ತ, ಒಮ್ಮೆ ಇತ್ತ ಓಲಾಡಿ, ಯೋಚನೆ ಮಾಡಿದಂತೆ ನಿಧಾನವಾಗಿ ನಡುವಿಗೆ ಬಂದು ನಿಲ್ಲುತ್ತಿತ್ತು. ಆ ನಿಲ್ಲುವ ಗಳಿಗೆಯಲ್ಲಿ ಅವನ ಮುಖದ ಗಂಟೂ ಸಡಿಲವಾಗುತ್ತಿತ್ತು.

ತಟ್ಟೆಯ ಅಡಿಗೆ ಮೇಣ ಮೆತ್ತಿದವರನ್ನು ಅವನು ಹಿಡಿದಿದ್ದಾನೆ. ಬಟ್ಟಿನ ತಳ ಕೊರೆದು ಹಗುರ ಮಾಡಿದವನನ್ನು, ಭೂತಗನ್ನಡಿಯನ್ನೇ ಅವನ ಕೈಗೆ ಕೊಟ್ಟು ನಾಚಿಸಿದ್ದಾನೆ. ಹಾಗಾಗಿ 'ಬೆರಕೆ' ಎಂಬ ಮಾತು ಅವನ ಬಾಯಲ್ಲಿ ಬೈಗುಳವಾಗಿತ್ತು. ಹಾಲು ನೀರಾಗಿದ್ದರೆ ಬೆರಕೆ, ಪಕ್ಕದ ಮನೆಯವನ ನಗು ಬೆರಕೆ, ಮೋಡವೂ ಬಿಸಿಲೂ ಸೇರಿದ ದಿನ ಬೆರಕೆ ದಿನ.

ಅವನ ಹೆಂಡತಿ ಅದೇ ಬೀದಿಯ ಹಿಂದಿನ ಗಲ್ಲಿಯಲ್ಲಿ ಪುಸ್ತಕ ಬೈಂಡಿಂಗ್ ಮಾಡುತ್ತಿದ್ದಳು. ಒಂದೇ ಕೋಣೆ, ಎತ್ತರದ ಕಿಟಕಿ, ಗೋಡೆಯುದ್ದಕ್ಕೂ ಹಾಳೆಯ ಕಟ್ಟುಗಳು, ನಡುವೆ ನೆಲಕ್ಕೆ ಬಿಗಿದ ಕಬ್ಬಿಣದ ಪ್ರೆಸ್ಸು. ಹೊಲಿದು ಅಂಟು ಹಚ್ಚಿದ ಪುಸ್ತಕಗಳನ್ನು ಪ್ರೆಸ್ಸಿನ ಹಲಗೆಗಳ ನಡುವೆ ಇಟ್ಟು, ಮೇಲಿನ ಚಕ್ರವನ್ನು ಎರಡೂ ಕೈಯಿಂದ ತಿರುಗಿಸಿ ಅವಳು ಬಿಗಿ ಮಾಡುತ್ತಿದ್ದಳು. ಅವಳ ಬೆರಳಿನ ಸಂದಿಯಲ್ಲಿ ಸದಾ ಒಣಗಿದ ಅಂಟು ಇರುತ್ತಿದ್ದುದರಿಂದ ಗಲ್ಲಿಯವರಿಗೆ ಅವಳು ಅಂಟಕ್ಕ. "ಮುಳ್ಳಿಗೂ ಅಂಟಿಗೂ ಯಾರಪ್ಪಾ ಮದುವೆ ಮಾಡಿಸಿದ್ದು," ಎಂದು ನೆರೆಯವರು ನಗುತ್ತಿದ್ದರು. "ಬೇರೆ ಯಾರಿಗೆ ಕೊಟ್ಟಿದ್ರೂ ಇವರು ಜಾರಿಹೋಗ್ತಿದ್ರು," ಎಂದು ಅವಳು ಉತ್ತರ ಕೊಡುತ್ತಿದ್ದಳು.

ಇಷ್ಟೆಲ್ಲ ಚಿನ್ನದ ನಡುವೆ ಓಡಾಡುವವನ ಹೆಂಡತಿಯ ಮೈಮೇಲೆ ಗುಲಗಂಜಿಯಷ್ಟೂ ಚಿನ್ನವಿರಲಿಲ್ಲ. ಅದಕ್ಕೆ ಬಡತನ ಕಾರಣವಲ್ಲ, ಜಿಪುಣತನವಂತೂ ಅಲ್ಲವೇ ಅಲ್ಲ. ಮದುವೆಯಾದ ಮೊದಲ ವರ್ಷ ಅಂಗಡಿಯ ಯಜಮಾನರೊಬ್ಬರು ಒಂದು ಜೊತೆ ಓಲೆಯನ್ನು ಮುಂದಿಟ್ಟು, "ತಗೊಂಡು ಹೋಗಪ್ಪ, ನಿನಗೆ ಬರೀ ಚಿನ್ನದ ಬೆಲೆ, ಕೂಲಿ ಬೇಡ," ಎಂದಿದ್ದರು. ಮುಳ್ಳಣ್ಣ ಓಲೆಯನ್ನು ನೋಡಿದ, ಆಗ ತಾನೇ ಸರಿಮಾಡಿದ ತಕ್ಕಡಿಯನ್ನು ನೋಡಿದ, ಎದ್ದು ಬಂದುಬಿಟ್ಟ. ಮನೆಗೆ ಬಂದು ಹೆಂಡತಿಗೆ ಹೇಳಿದ:

"ಇವತ್ತು ಓಲೆ ತಗೊಂಡ್ರೆ ನಾಳೆ ಅವರ ತಕ್ಕಡಿ ಮುಂದೆ ನನ್ನ ಕೈ ನಡುಗುತ್ತೆ ಕಣೇ. ತಕ್ಕಡಿ ಮುಟ್ಟೋ ಕೈಯಲ್ಲಿ ಚಿನ್ನ ಕೊಳ್ಳಬಾರದು."

ಹೊಸ ಮದುಮಗಳು ಹೊಲಿಗೆಯ ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡರಿಸಿದಳು. "ಸರಿ. ಹಾಗಿದ್ರೆ ಪೆಟ್ಟಿಗೆ ಮುಚ್ಚಿದ ದಿನ ತಂದುಕೊಡಿ. ಆದ್ರೆ ಒಂದು ಮಾತು. ಅಷ್ಟು ವರ್ಷ ಕಾದು ಹಾಕ್ಕೊಂಡಿದ್ದನ್ನ ನಾನು ಆಮೇಲೆ ಒಂದು ಗಳಿಗೆಯೂ ಬಿಚ್ಚೋಳಲ್ಲ."

ಮೂವತ್ತನಾಲ್ಕು ವರ್ಷ ಆ ಮಾತು ಇಬ್ಬರ ನಡುವೆ ತಮಾಷೆಯಾಗಿ ಬದುಕಿತ್ತು. ಅವಳು ಅಂಟಿನ ಡಬ್ಬಿ ಎತ್ತಿಡುವಾಗ ಬೋಳು ಕೈ ತೋರಿಸಿ, "ನೋಡಿ, ನಿಮ್ಮ ಪ್ರಾಮಾಣಿಕತೆ ಎಷ್ಟು ಹೊಳೀತಿದೆ," ಎನ್ನುತ್ತಿದ್ದಳು. ಮುಳ್ಳಣ್ಣ ನಗುತ್ತಿದ್ದ. ಆದರೆ ಅದು ಅವನಿಗೆ ತಮಾಷೆಯಾಗಿರಲಿಲ್ಲ. ಊರಿನವರ ಚಿನ್ನಕ್ಕೆಲ್ಲ ನ್ಯಾಯ ತೂಗಿದವನಿಗೆ ಮನೆಯ ಬಾಕಿ ಒಂದೇ: ಆ ಕೈಗೆ ಏರಿ, ಅಲ್ಲೇ ಉಳಿಯುವ ಒಂದು ಉಂಗುರ.

ಅರವತ್ತೆರಡನೆಯ ವಯಸ್ಸಿನಲ್ಲಿ ಒಂದು ಬೆಳಗ್ಗೆ, ಬೀದಿಯಲ್ಲಿ ಇನ್ನೂ ಉಳಿದಿದ್ದ ಹಳೆಯ ತಕ್ಕಡಿಯೊಂದರ ಮುಂದೆ ಕೂತಾಗ, ಅವನಿಗೆ ಮುಳ್ಳು ಎರಡಾಗಿ ಕಂಡಿತು. ಕನ್ನಡಕ ಒರೆಸಿದ. ಇನ್ನೂ ಎರಡು. ಆ ದಿನವೇ ಹೋಗಿ ತೂಕ-ಅಳತೆ ಕಚೇರಿಯಲ್ಲಿ ತನ್ನ ಪರವಾನಗಿಯನ್ನು ಹಿಂದಕ್ಕೆ ಕೊಟ್ಟ. ದುಃಖ ಪಡುವಷ್ಟು ಪುರುಸೊತ್ತು ಅವನಿಗಿರಲಿಲ್ಲ. ಕಚೇರಿಯ ಮೆಟ್ಟಿಲಿನಿಂದಲೇ ಮಗಳಿಗೆ ಫೋನು ಮಾಡಿದ.

"ಎಲ್ಲಿದ್ದೀಯ? ಬಾ, ಚಿನ್ನ ಕೊಳ್ಳೋಣ."

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಮಗಳು ಮಾತ್ರೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದವಳು ಹಾಗೇ ನಿಂತಳು. "ಅಪ್ಪ, ಮೈ ಸರಿಯಾಗಿದೆ ತಾನೇ?"

ಚಿನ್ನದ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಂತಿದ್ದ ಹುಡುಗಿಗೆ ಮುಳ್ಳಣ್ಣನ ಗುರುತು ಚೆನ್ನಾಗಿಯೇ ಇತ್ತು. ಅವನನ್ನು ಕಂಡು ಅಭ್ಯಾಸದಂತೆ ಫ್ಯಾನ್ ಆರಿಸಿ, ತಕ್ಕಡಿಯನ್ನು ಅವನ ಕಡೆಗೆ ತಳ್ಳಿದಳು.

"ಅದಕ್ಕಲ್ಲಮ್ಮ ಬಂದಿದ್ದು. ಇವತ್ತು ನಾನು ಗಿರಾಕಿ." ಹೇಳುವಾಗ ಅವನಿಗೆ ಸ್ವಲ್ಪ ನಾಚಿಕೆಯಾಯಿತು. "ಒಂದು ಉಂಗುರ ಬೇಕು. ನಮ್ಮ ಮನೆಯವಳಿಗೆ."

ಹುಡುಗಿಯ ಮುಖ ಅರಳಿತು. ಫ್ಯಾನ್ ಮತ್ತೆ ತಿರುಗಿತು. ಒಂದು ತಟ್ಟೆಯ ತುಂಬ ಉಂಗುರಗಳು ಬಂದವು. ಮುಳ್ಳಣ್ಣ ಒಂದೊಂದನ್ನೂ ಎತ್ತಿ ಅಂಗೈಯಲ್ಲಿ ಕುಣಿಸಿ, "ಮೂರು ಗ್ರಾಂ, ಎಂಟು ಮಿಲಿ ಕಮ್ಮಿ," "ನಾಲ್ಕೂ ಕಾಲು," ಎನ್ನುತ್ತಾ ಹೋದ. ಹುಡುಗಿ ಪ್ರತಿಯೊಂದನ್ನೂ ತಕ್ಕಡಿಗೆ ಹಾಕಿ ನೋಡಿ ಬೆರಗಾದಳು. ಒಂದು ದಪ್ಪನೆಯ ಉಂಗುರವನ್ನು ಎತ್ತಿದಾಗ ಮಾತ್ರ ಅವನ ಹುಬ್ಬು ಗಂಟಾಯಿತು.

"ಇದೇನಮ್ಮ, ನೋಡೋಕೆ ಆನೆ, ಎತ್ತಿದ್ರೆ ಇಲಿ?"

"ಅದು ಒಳಗೆ ಟೊಳ್ಳು, ಅಂಕಲ್. ಕಮ್ಮಿ ಚಿನ್ನದಲ್ಲಿ ದಪ್ಪ ಕಾಣಬೇಕು ಅನ್ನೋರಿಗೆ. ಒಮ್ಮೆ ನೆಗ್ಗಿದ್ರೆ ನೆಗ್ಗಿದಂಗೇ, ಕೆಲಸ ಮಾಡೋ ಕೈಗೆ ಬೇಡ. ಈ ಕಲ್ಲಿನದು ನೋಡಿ, ಚೆನ್ನಾಗಿದೆ. ಆದ್ರೆ ಕಲ್ಲಿನ ತೂಕ ಬೇರೆ, ಚಿನ್ನದ ತೂಕ ಬೇರೆ ಬಿಲ್ಲಲ್ಲಿ ಬರೆಸ್ಕೊಳ್ಳಿ. ಇಲ್ಲಾಂದ್ರೆ ಕಲ್ಲಿಗೂ ಚಿನ್ನದ ಬೆಲೆ ಕೊಟ್ಟಂಗೆ."

ಮಗಳು ಅಪ್ಪನ ಕಿವಿಯಲ್ಲಿ, "ಒಳ್ಳೇ ಹುಡುಗಿ," ಎಂದಳು.

"ಒಳಗಡೆ ಏನೋ ಕೊರೆದಿದಾರಲ್ಲ," ಎಂದು ಮುಳ್ಳಣ್ಣ ಒಂದು ಸಾದಾ ಉಂಗುರದ ಒಳಬದಿಗೆ ಭೂತಗನ್ನಡಿ ಹಿಡಿದ. ಪರವಾನಗಿ ಹೋದರೂ ಭೂತಗನ್ನಡಿ ಜೇಬಿನಲ್ಲಿ ಉಳಿದಿತ್ತು.

"ಒಂಬೈನೂರ ಹದಿನಾರು. ಇಪ್ಪತ್ತೆರಡು ಕ್ಯಾರೆಟ್ಟಿನ ಗುರುತು. ಸಾವಿರ ಪಾಲಲ್ಲಿ ಒಂಬೈನೂರ ಹದಿನಾರು ಪಾಲು ಚಿನ್ನ. ಈ ಕಲ್ಲಿನದು ಹದಿನೆಂಟು ಕ್ಯಾರೆಟ್, ಏಳುನೂರ ಐವತ್ತು."

"ಮಿಕ್ಕಿದ್ದು?"

"ಮಿಕ್ಕಿದ್ದು ತಾಮ್ರ, ಬೆಳ್ಳಿ, ಹಾಗೆ."

ಮುಳ್ಳಣ್ಣ ಉಂಗುರವನ್ನು ಬಿಸಿ ತಗುಲಿದವನಂತೆ ತಟ್ಟೆಗೆ ಇಳಿಸಿದ. ಈ ಅಂಕಿಗಳನ್ನು ಅವನು ಕೇಳಿರಲಿಲ್ಲವೆಂದಲ್ಲ. ನಲವತ್ತು ವರ್ಷ ಅವು ಅವನ ಕಿವಿಯ ಪಕ್ಕದಲ್ಲೇ ಹಾದುಹೋಗಿದ್ದವು. ಆದರೆ ತೂಕ ತನ್ನ ಪಾಲಿನದು, ಗುಣ ಇನ್ನೊಬ್ಬರ ಪಾಲಿನದು ಎಂದು ಬದುಕಿದವನು ಅವನು. ಎದುರುಮನೆಯವರ ಹೆಸರು ಗೊತ್ತು, ಸ್ವಭಾವ ಗೊತ್ತಿಲ್ಲ ಎನ್ನುವಂತೆ.

"ಅಂದ್ರೆ ಬೆರಕೆ," ಎಂದ.

"ಅಪ್ಪ," ಎಂದು ಮಗಳು ಕಾಲು ತುಳಿದಳು.

"ಮೂವತ್ತನಾಲ್ಕು ವರ್ಷ ಕಾಯಿಸಿ ಬೆರಕೆ ತಗೊಂಡು ಹೋಗಲಾ? ನನಗೆ ಅಪರಂಜಿ ಬೇಕು. ಪೂರ್ತಿ ಚಿನ್ನ. ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕು."

ಅದರಲ್ಲಿ ಒಡವೆ ಮಾಡುವುದಿಲ್ಲ, ನಾಣ್ಯ ಮಾತ್ರ ಇದೆ ಎಂದಳು ಹುಡುಗಿ. ಯಾಕೆ ಮಾಡುವುದಿಲ್ಲ ಎಂದು ಅವಳು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮುಳ್ಳಣ್ಣ, "ನಾಣ್ಯ ಕೊಡಮ್ಮ, ಮಾಡಿಸ್ಕೊಳ್ಳೋದು ನನಗೆ ಗೊತ್ತು," ಎಂದುಬಿಟ್ಟ. ಎಂಟು ಗ್ರಾಂ ನಾಣ್ಯ. ಬಿಲ್ಲು ಮಡಿಸಿ ಜೇಬಿಗಿಟ್ಟ. ಹೊರಗೆ ಬಂದಾಗ ಮಗಳು, "ಅವಳು ಏನೋ ಹೇಳೋಕೆ ಹೊರಟಿದ್ಲಪ್ಪ," ಎಂದಳು. "ಕೂಲಿ ಜಾಸ್ತಿ ಆಗುತ್ತೆ ಅಂತಿರ್ತಾಳೆ," ಎಂದು ಅವನು ಆಗಲೇ ಹತ್ತು ಹೆಜ್ಜೆ ಮುಂದಿದ್ದ.

ಬೀದಿಯ ಕೊನೆಯ ಕಟ್ಟಡದ ಮಹಡಿಯಲ್ಲಿ ಒಬ್ಬ ಅಕ್ಕಸಾಲಿಗರಿದ್ದರು. ನರೆತ ಕೂದಲಿನವರೂ ಅವರನ್ನು ತಾತ ಎಂದೇ ಕರೆಯುತ್ತಿದ್ದರು. ಐವತ್ತು ವರ್ಷ ಊದುಗೊಳವೆ ಊದಿ ಊದಿ ಅವರ ಕೆನ್ನೆಗಳು ಸುಮ್ಮನಿದ್ದಾಗಲೂ ಏನೋ ನಗುವನ್ನು ಅದುಮಿಟ್ಟಂತೆ ಕಾಣುತ್ತಿದ್ದವು. ಅವರು ನಾಣ್ಯವನ್ನು ಬೆಳಕಿಗೆ ಹಿಡಿದು ಮುಳ್ಳಣ್ಣನ ಬೇಡಿಕೆ ಕೇಳಿದರು.

"ಅಪರಂಜಿಯಲ್ಲಿ ಉಂಗುರ ಮಾಡಬಾರದು ಕಣೋ. ಚಿನ್ನ ಅಂದ್ರೆ ಬೆಣ್ಣೆ. ಜೊತೆಗೆ ತಾಮ್ರ ನಿಂತ್ರೇನೇ ಅದಕ್ಕೆ ಬೆನ್ನುಮೂಳೆ. ಇಪ್ಪತ್ತೆರಡು ಪಾಲು ಚಿನ್ನ, ಎರಡು ಪಾಲು ತಾಮ್ರ. ನಮ್ಮಪ್ಪನೂ ಹಾಗೇ ಮಾಡಿದ್ದು."

"ನೀವೂ ಅದೇ ಹೇಳ್ತೀರಲ್ಲ ತಾತ. ಬೆರೆಸೋದು ನಿಮಗೆಲ್ಲ ಕೈಗೆ ಹತ್ತಿಬಿಟ್ಟಿದೆ."

"ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಲ್ಲ, ಅದನ್ನೇ ತಾನೇ ಹೇಳೋಕೆ ಹೊರಟಿದ್ದು?" ತಾತ ನಕ್ಕರು. "ಚಿನ್ನದ ಸೂಜಿ ಅಂತ ಕಣ್ಣು ಚುಚ್ಕೊಳ್ಳೋಕಾಗುತ್ತೇನೋ? ನಿನ್ನ ಹೆಂಡ್ತಿ ಕೈ ಸುಮ್ಮನೆ ಕೂರೋ ಕೈಯಲ್ಲ."

"ಮಾಡಿಕೊಡಿ ತಾತ. ನಾನು ಕೇಳೋದು ಇದೊಂದೇ."

ಹಾಗೆ ಕೇಳಿದ ಮೇಲೆ ತಾತ ನಾಣ್ಯವನ್ನು ಎತ್ತಿಟ್ಟುಕೊಂಡರು. ಮೂರನೆಯ ದಿನ ಸಾದಾ ಪಟ್ಟಿಯ ಉಂಗುರ ಸಿದ್ಧವಾಗಿತ್ತು. ಏಳು ಗ್ರಾಂ ಏಳುನೂರು ಮಿಲಿ. ಅರದಿಂದ ಉಜ್ಜುವಾಗ ಉದುರಿದ ಪುಡಿಯೂ, ಕತ್ತರಿಸಿ ಉಳಿದ ಚೂರೂ ಕಾಗದದ ಪೊಟ್ಟಣದಲ್ಲಿ ಮುನ್ನೂರು ಮಿಲಿ. ಮುಳ್ಳಣ್ಣ ಕೂಡಿಸಿ ನೋಡಿ ತಲೆದೂಗಿದ. ಎಂಟಕ್ಕೆ ಎಂಟು. ಉಂಗುರದ ಹಳದಿ ಬೆಳಗಿನ ಬಿಸಿಲಿನಂತಿತ್ತು, ಕಣ್ಣಿಗೆ ತಂಪು.

ಅಂಟಕ್ಕ ಆಗ ಒಂದು ದಪ್ಪ ಪುಸ್ತಕದ ಬೆನ್ನು ಹೊಲಿಯುತ್ತಿದ್ದಳು. ಅವನು ಉಂಗುರವನ್ನು ಅಂಗೈಯಲ್ಲಿಟ್ಟು ಚಾಚಿದ. ಅವಳು ಸೂಜಿಯನ್ನು ಹಾಳೆಗೆ ಚುಚ್ಚಿಟ್ಟು, ಸೆರಗಿಗೆ ಕೈ ಒರೆಸಿ, ಮತ್ತೆ ಒರೆಸಿ, ಬಿಸಿನೀರು ತಂದು ಬೆರಳುಗಳ ಸಂದಿಯ ಅಂಟನ್ನೆಲ್ಲ ತೊಳೆದಳು. ಆಮೇಲೆ ಕೈ ಮುಂದೆ ಮಾಡಿದಳು. ಉಂಗುರ ಗೆಣ್ಣಿನ ಹತ್ತಿರ ಒಂದು ಕ್ಷಣ ತಡೆದು ಒಳಗೆ ಹೋಗಿ ಕೂತಿತು.

"ಇನ್ನು ಬಿಚ್ಚೋಳಲ್ಲ," ಎಂದಳು. ಮೂವತ್ತನಾಲ್ಕು ವರ್ಷದ ಹಿಂದಿನ ಅದೇ ದನಿ.

"ಅಪರಂಜಿ ಕಣೇ. ಇದರಲ್ಲಿ ಒಂದು ಚೂರೂ ಬೆರಕೆ ಇಲ್ಲ."

"ನಿಮ್ಮ ಹಾಗೆ," ಎಂದು ಅವಳು ನಗುತ್ತಾ ಪ್ರೆಸ್ಸಿನ ಕಡೆಗೆ ಹೋದಳು.

ನಾಲ್ಕನೆಯ ದಿನ ಅವಳ ಬೆರಳಿಗೊಂದು ಬಟ್ಟೆಯ ಪಟ್ಟಿ ಬಂತು. ಹಾಳೆಯ ಅಂಚು ಕುಯ್ದಿತು ಎಂದಳು. ಹಾಳೆ ಕುಯ್ಯುವುದು ಅವಳ ಕಸುಬಿನಲ್ಲಿ ದಿನಾ ಇರುವುದೇ. ಆದರೆ ಆರನೆಯ ದಿನಕ್ಕೆ ಪಟ್ಟಿ ಇನ್ನೂ ದಪ್ಪವಾಯಿತು. ಊಟಕ್ಕೆ ಕೂತಾಗ ಆ ಕೈ ಮಡಿಲಲ್ಲಿ ಅಡಗಿರುತ್ತಿತ್ತು. ಮುಳ್ಳಣ್ಣನಿಗೆ ಯೋಚನೆ ಹತ್ತಿತು. ಉಂಗುರ ಇಷ್ಟವಾಗಲಿಲ್ಲವೇ? ತೀರ ಸಾದಾ ಆಯಿತೇ? ಬಿಚ್ಚಿಟ್ಟು, ಬಿಚ್ಚಿದ್ದು ಕಾಣಬಾರದೆಂದು ಪಟ್ಟಿ ಕಟ್ಟಿದ್ದಾಳೆಯೇ? ಕಲ್ಲಿನದೇ ತರಬೇಕಿತ್ತೇನೋ. ಒಂದು ಮಧ್ಯಾಹ್ನ ಅವನು ಮನೆಯ ಮೇಜಿನ ಕುಂಟು ಕಾಲಿಗೆ ರಟ್ಟು ಮಡಿಸಿ ಇಡುತ್ತಾ, ಸರಿಯಾಗಿದ್ದ ಮೇಜನ್ನೇ ಓರೆ ಮಾಡಿದ. ಅದನ್ನು ನೋಡಿಯೇ ಮಗಳಿಗೆ ಏನೋ ಸರಿಯಿಲ್ಲವೆಂದು ಗೊತ್ತಾದದ್ದು.

ಮರುದಿನ ಬೆಳಗ್ಗೆ ಅವಳು ತನ್ನ ಅಂಗಡಿಯಿಂದ ಮುಲಾಮು, ಹತ್ತಿ ತಂದು, ಬೈಂಡಿಂಗ್ ಕೋಣೆಯಲ್ಲಿ ಅಮ್ಮನ ಎದುರು ಸ್ಟೂಲು ಎಳೆದುಕೊಂಡು ಕೂತಳು. ಮುಳ್ಳಣ್ಣ ಬಾಗಿಲಲ್ಲಿ ನಿಂತಿದ್ದ.

"ಕೈ ಕೊಡಮ್ಮ."

"ವಾಸಿಯಾಗಿದೆ ಬಿಡೇ."

"ವಾಸಿಯಾದ ಗಾಯಕ್ಕೆ ಇಷ್ಟು ಬಟ್ಟೇನಾ? ಒಂದು ಪುಸ್ತಕದ ರಟ್ಟಿಗೇ ಸಾಕು ಇದು."

ಕೊಡಲಾರೆನೆಂದು ಅವಳು, ಬಿಡಲಾರೆನೆಂದು ಮಗಳು. ಕೊನೆಗೆ ಪಟ್ಟಿ ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡಿತು. ಗಾಯವಿರಲಿಲ್ಲ. ಉಂಗುರವಿತ್ತು. ಪ್ರೆಸ್ಸಿನ ಚಕ್ರ ಒತ್ತಿದ ಕಡೆ ಚಪ್ಪಟೆಯಾಗಿ, ಇನ್ನೊಂದು ಕಡೆ ಚೂಪಾಗಿ, ಕುಂಬಳದ ಬೀಜದ ಆಕಾರಕ್ಕೆ ಬಂದಿತ್ತು. ಹೊಲಿಗೆಯ ದಾರ ಎಳೆದಲ್ಲೆಲ್ಲ ಗೀರು. ಚಪ್ಪಟೆ ಬದಿ ಒತ್ತಿ ಬೆರಳು ಕೆಂಪಾಗಿತ್ತು.

"ಇದನ್ನ ಮುಚ್ಚಿಟ್ಕೊಂಡು ವಾರ ಆಯ್ತಾ?" ಮುಳ್ಳಣ್ಣನ ದನಿ ಸಣ್ಣಗಾಯಿತು.

"ಮತ್ತೇನು ಮಾಡಲಿ? ಮೂರು ದಿನಕ್ಕೇ ಸೊಟ್ಟ ಆಯ್ತು. ನೀವು ಅಷ್ಟು ಆಸೆಪಟ್ಟು ತಂದಿದ್ದು. ಬಿಚ್ಚೋಳಲ್ಲ ಅಂತ ಮಾತು ಬೇರೆ ಕೊಟ್ಟಿದ್ದೆ. ಮಾತು ಉಳಿಸ್ಕೊಳ್ಳೋಕೆ ಬೆರಳಿಗೆ ಬಟ್ಟೆ ಕಟ್ಟಿದೆ."

ಒಂದು ಕ್ಷಣ ಮೂವರೂ ಆ ಕುಂಬಳದ ಬೀಜವನ್ನು ನೋಡಿದರು. ಮೊದಲು ನಕ್ಕದ್ದು ಮಗಳು. ಅಂಟಕ್ಕ ತಡೆದುಕೊಳ್ಳಲು ಹೋಗಿ ಸೋತಳು. ಮುಳ್ಳಣ್ಣ ಬಾಗಿಲ ಚೌಕಟ್ಟಿಗೆ ಒರಗಿ ನಗುತ್ತಾ ನಗುತ್ತಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಹೊರಗೆ ಗಲ್ಲಿಯಲ್ಲಿ ಯಾರೋ ತಿರುಗಿ ನೋಡಿದರು.

"ನನಗೆ ಇಷ್ಟ ಇಲ್ಲ ಅಂದ್ಕೊಂಡಿದ್ರಾ?" ಎಂದಳು ಅಂಟಕ್ಕ.

"ಹೂಂ."

"ಮೇಜು ಓರೆಯಾದಾಗಲೇ ಅಂದ್ಕೊಂಡೆ."

ಮೂವರೂ ತಾತನ ಮಹಡಿ ಹತ್ತಿದರು. ತಾತ ಬೆರಳನ್ನು ನೋಡಿದರು, ಮುಳ್ಳಣ್ಣನನ್ನು ನೋಡಿದರು, ಹೇಳಿರಲಿಲ್ಲವೇ ಎಂದು ಕೇಳಲಿಲ್ಲ. ಕೆನ್ನೆಗಳು ಮಾತ್ರ ಇನ್ನಷ್ಟು ಉಬ್ಬಿದವು.

"ಕರಗಿಸಿ ತಾಮ್ರ ಹಾಕಿ ಮತ್ತೆ ಮಾಡೋಣ. ಸಂಜೆಗೆ ಆಗುತ್ತೆ. ಬಿಚ್ಚಮ್ಮ."

ಅಂಟಕ್ಕ ಕೈ ಹಿಂದಕ್ಕೆ ಎಳೆದುಕೊಂಡಳು. "ಬಿಚ್ಚೋಳಲ್ಲ ಅಂದಿದೀನಿ ತಾತ."

"ಬಿಚ್ಚದೆ ಬೆಂಕಿಗೆ ಹಾಕೋದು ಹೆಂಗಮ್ಮ?"

"ತಾಮ್ರ ಹಾಕೋದಾದ್ರೆ ನಾನೇ ಬೇಡ ಅಂತೀನಿ," ಎಂದು ಮುಳ್ಳಣ್ಣ ಗೊಣಗಿದ. ಅಲ್ಲಿಯವರೆಗೆ ನಗುತ್ತಿದ್ದವನ ಮುಖ ಮತ್ತೆ ಗಂಟಾಗಿತ್ತು. "ಸೊಟ್ಟ ಆಗಿದ್ದು ನಿಜ. ಆದ್ರೂ ಅದರೊಳಗೆ ಬೇರೆ ಏನೋ ಸೇರಿಸೋದು ಅಂದ್ರೆ ನನ್ನ ಮನಸ್ಸು ಒಪ್ಪಲ್ಲ. ತಿಳಿದೂ ತಿಳಿದೂ ಬೆರಕೆ ಮಾಡಲಾ?"

ಹೆಂಡತಿ ಅವನ ಕಡೆಗೆ ತಿರುಗಿದಳು. "ರೀ, ನಿಮ್ಮ ಪೆಟ್ಟಿಗೆಯಲ್ಲಿ ಆ ತಂತಿ ಉಂಡೆ ಯಾತಕ್ಕೆ ಇಟ್ಕೊಂಡಿದ್ರಿ?"

"ತಟ್ಟೆಗೆ ಕಟ್ಟೋಕೆ."

"ನಲವತ್ತು ವರ್ಷ ಅವರಿವರ ತಟ್ಟೆಗೆ ತಾಮ್ರ ಕಟ್ಟಿದ್ರಲ್ಲ, ಅದು ಮೋಸಾನಾ?"

"ಮೋಸ ಹೇಗಾಗುತ್ತೆ? ಅದು ಇಲ್ದೆ ಹೋದ್ರೆ ಮುಳ್ಳು ನಿಲ್ಲಲ್ಲ."

ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದು ಅವನಿಗೇ ಕೇಳಿಸಿತು. ತಾತ ಊದುಗೊಳವೆಯನ್ನು ಸುಮ್ಮನೆ ಬಟ್ಟೆಯಿಂದ ಒರೆಸುತ್ತಿದ್ದರು. ಮಗಳು ಕಿಟಕಿಯಾಚೆ ನೋಡುತ್ತಿದ್ದಳು. ಮುಳ್ಳಣ್ಣ ಸ್ವಲ್ಪ ಹೊತ್ತು ಕತ್ತಿನ ಹಿಂಭಾಗ ಕೆರೆದುಕೊಂಡ.

"ಪೆಟ್ಟಿಗೆ ತಗೊಂಡು ಬಾರಮ್ಮ," ಎಂದು ಮಗಳಿಗೆ ಹೇಳಿದ. "ತಾಮ್ರ ಹಾಕೋದೇ ಆದ್ರೆ ನನ್ನ ತಂತೀನೇ ಹಾಕಲಿ."

ಮಗಳು ಮೆಟ್ಟಿಲಿಳಿದು ಓಡಿದಳು. ಉಳಿದದ್ದು ಅಂಟಕ್ಕನ ಹಠ. ಅದಕ್ಕೆ ದಾರಿ ಹುಡುಕಿದವನು ಮುಳ್ಳಣ್ಣನೇ.

"ಉಂಗುರ ಇರೋ ಜಾಗ ಖಾಲಿ ಬಿಡಬಾರದು, ಅಷ್ಟೇ ತಾನೇ? ಅದು ಬರೋವರೆಗೂ ನಾನು ಹಿಡ್ಕೊಂಡಿರ್ತೀನಿ."

ಅವಳು ಅವನ ಮುಖವನ್ನು ಪರೀಕ್ಷೆ ಮಾಡುವವಳಂತೆ ನೋಡಿದಳು. "ಸಂಜೆವರೆಗೂ?"

"ಸಂಜೆವರೆಗೂ."

ಸೋಪಿನ ನೀರು ಹಚ್ಚಿ ತಾತ ಉಂಗುರವನ್ನು ಮೆಲ್ಲನೆ ಹೊರಳಿಸಿ ತೆಗೆದರು. ಅದು ಗೆಣ್ಣು ದಾಟಿದ ಕ್ಷಣದಲ್ಲೇ ಮುಳ್ಳಣ್ಣನ ಬಲಗೈ ಬೆರಳುಗಳು ಆ ಕೆಂಪಾದ ಜಾಗವನ್ನು ಸುತ್ತಿಕೊಂಡವು. ನಡುವೆ ಕಣ್ಣು ಮಿಟುಕಿಸುವಷ್ಟೂ ಹೊತ್ತಿರಲಿಲ್ಲವೆಂದು ಮಗಳು ಆಮೇಲೆ ಎಲ್ಲರಿಗೂ ಸಾಕ್ಷಿ ಹೇಳುತ್ತಿದ್ದಳು, ಆಗ ಅವಳು ಅಲ್ಲಿರದಿದ್ದರೂ.

ಪೆಟ್ಟಿಗೆ ಬಂತು. ತಾತನ ಬಳಿ ಗಾಜಿನ ಗೂಡಿನಲ್ಲಿದ್ದ ಹಳೆಯ ಎರಡು ತಟ್ಟೆಯ ತಕ್ಕಡಿಯನ್ನು ಮುಂದೆ ಎಳೆದರು. ಲೆಕ್ಕ ಮುಳ್ಳಣ್ಣನೇ ಮಾಡಿದ. ಇಪ್ಪತ್ತೆರಡಕ್ಕೆ ಎರಡು, ಅಂದರೆ ಹನ್ನೊಂದಕ್ಕೆ ಒಂದು. ಏಳು ಗ್ರಾಂ ಏಳುನೂರಕ್ಕೆ ಏಳುನೂರು ಮಿಲಿ ತಾಮ್ರ. ಆದರೆ ತೂಗಲು ಅವನಿಗಿದ್ದದ್ದು ಎಡಗೈ ಒಂದೇ. ಚಿಮಟದಲ್ಲಿ ಬಟ್ಟು ಎತ್ತಲು ಹೋಗಿ ಎರಡು ಸಲ ಬೀಳಿಸಿದ. ತಂತಿಯನ್ನು ಮಗಳು ಎಳೆದು ಹಿಡಿದಳು, ಅಂಟಕ್ಕ ತನ್ನ ಬಿಡುವಾದ ಕೈಯಿಂದ ಕತ್ತರಿ ಹಾಕಿದಳು.

"ಇನ್ನೊಂದು ಚೂರು. ಅಷ್ಟಲ್ಲ, ಅರ್ಧ. ಅದರಲ್ಲೂ ಅರ್ಧ."

"ಮೂವತ್ತನಾಲ್ಕು ವರ್ಷದಿಂದ ಕೇಳ್ತಿದೀನಿ ಈ ಅರ್ಧ," ಎಂದಳು ಅವಳು.

"ಮಾತಾಡಬೇಡಿ, ಉಸಿರು ತಾಗುತ್ತೆ," ಎಂದ ಮುಳ್ಳಣ್ಣ. ಮುಳ್ಳು ಓಲಾಡಿತು. ಅವನಿಗೆ ಅದು ಈಗಲೂ ಎರಡಾಗಿಯೇ ಕಂಡಿತು. "ನಿಂತಿತಾ?" ಎಂದು ಹೆಂಡತಿಯನ್ನು ಕೇಳಿದ. ತಕ್ಕಡಿಯ ಮುಂದೆ ಅವನು ಇನ್ನೊಬ್ಬರನ್ನು ಕೇಳಿದ್ದು ಅದೇ ಮೊದಲು.

ಅವಳು ಬಗ್ಗಿ ನೋಡಿ, "ನಿಂತಿತು," ಎಂದಳು.

ಚಿನ್ನ ಕರಗಿಸುವ ಮೂಸೆಯಲ್ಲಿ ಕುಂಬಳದ ಬೀಜವೂ ತೂಗಿದ ತಂತಿಯೂ ಅಕ್ಕಪಕ್ಕ ಕೂತವು. ತಾತ ಚಿಟಿಕೆ ಬಿಳಿಗಾರ ಉದುರಿಸಿ ಉರಿಯನ್ನು ಊದಿದರು. ಚಿನ್ನ ಮೊದಲು ಬೆವರಿದಂತಾಯಿತು, ಆಮೇಲೆ ಕುಗ್ಗಿತು, ಆಮೇಲೆ ಒಂದು ಹನಿಯಾಗಿ ದುಂಡಗೆ ನಡುಗಿತು. ತಂತಿ ಯಾವಾಗ ಒಳಗೆ ಹೋಯಿತೆಂದು ಯಾರಿಗೂ ಕಾಣಲಿಲ್ಲ. ಹನಿಯ ಹಳದಿಗೆ ಸ್ವಲ್ಪ ಕೆಂಪು ಬಂದಿತ್ತು, ಸಂಜೆಯ ಕಡೆಗೆ ವಾಲಿದ ಬಿಸಿಲಿನಂತೆ.

"ಈಗ ಎಂಟು ಗ್ರಾಂ ನಾನೂರು," ಎಂದ ಮುಳ್ಳಣ್ಣ. ಅವನ ಮುಖದಲ್ಲಿ ವಿಚಿತ್ರವಾದ ಬೆರಗಿತ್ತು. "ತೂಕ ಹೆಚ್ಚಾಯ್ತು. ಚಿನ್ನ ಹೆಚ್ಚಾಗಲಿಲ್ಲ. ತಾತ, ಇಷ್ಟು ವರ್ಷ ನಾನು ತೂಗಿದ್ದು ಬರೀ ಅರ್ಧ ವಿಷಯ."

"ಇನ್ನರ್ಧ ಆ ಒಂಬೈನೂರ ಹದಿನಾರರಲ್ಲಿದೆ," ಎಂದರು ತಾತ. "ಎರಡೂ ಕೇಳಿ ಕೊಂಡೋನು ಜಾಣ. ನೀನು ಒಂದು ಕೇಳಿ ಇನ್ನೊಂದಕ್ಕೆ ಬೈದೆ."

ಬಡಿದು, ಎಳೆದು, ಬಾಗಿಸಿ, ಬೆಸೆದು, ಅರ ಹಾಕಿ ಮುಗಿಯುವಷ್ಟರಲ್ಲಿ ಕಿಟಕಿಯ ಬಿಸಿಲು ಎದುರು ಗೋಡೆಗೆ ಹತ್ತಿತ್ತು. ಮಗಳು ಎರಡು ಸಲ ಚಹಾ ತಂದಳು. ಗಂಡಹೆಂಡಿರು ಒಂದೊಂದೇ ಕೈಯಲ್ಲಿ ಕುಡಿದರು. ಮೊದಮೊದಲು ಅವರಿಗೆ ನಾಚಿಕೆಯಾಗಿ ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದರು. ಆಮೇಲೆ ಮಾತು ಬಂತು. ಹಳೆಯ ಓಲೆಯ ಯಜಮಾನರ ಮಾತು, ಅಂಟು ಹೆಚ್ಚಾಗಿ ಇಡೀ ರಾಶಿ ಪುಸ್ತಕಗಳು ಒಂದಕ್ಕೊಂದು ಕಚ್ಚಿಕೊಂಡ ವರ್ಷದ ಮಾತು. ಅವನ ಅಂಗೈ ಬೆವರಿತು. "ಬೆವರಿಗೂ ತೂಕ ಇದೆ," ಎಂದು ಅವಳು ನೆನಪಿಸಿದಳು. ಅವನು ಕೈ ಬಿಡಲಿಲ್ಲ.

ಉಂಗುರ ನೀರಿನಲ್ಲಿ ಚುಂಯ್ ಎಂದು ತಣ್ಣಗಾಗಿ ಬಂತು. ಮುಳ್ಳಣ್ಣ ಅದನ್ನು ನೇರವಾಗಿ ಅವಳ ಬೆರಳಿನ ಹತ್ತಿರಕ್ಕೆ ತಂದ.

"ತೂಗ್ರೀ ಮೊದಲು," ಎಂದಳು ಅಂಟಕ್ಕ. "ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಲ್ಲ."

ತಾತ ಹೊಟ್ಟೆ ಹಿಡಿದು ನಕ್ಕರು. ಎಡಗೈಯಲ್ಲೇ ತೂಗಿದ್ದಾಯಿತು. ಉಂಗುರ, ಈ ಸಲ ಉದುರಿದ ಪುಡಿ, ಎರಡೂ ಸೇರಿ ಲೆಕ್ಕಕ್ಕೆ ಸರಿಯಾಗಿತ್ತು. ಆಗ ಮಾತ್ರ ಮುಳ್ಳಣ್ಣನ ಬೆರಳುಗಳು ಒಂದೊಂದಾಗಿ ಸಡಿಲವಾದವು, ಉಂಗುರ ಅವುಗಳ ಜಾಗಕ್ಕೆ ಹೋಯಿತು.

ಮಾರನೆಯ ದಿನ ಬೆಳಗ್ಗೆ ಬೈಂಡಿಂಗ್ ಕೋಣೆಯಲ್ಲಿ ಅಂಟಕ್ಕ ಹದಿನಾರು ಪುಸ್ತಕಗಳನ್ನು ಪ್ರೆಸ್ಸಿನಲ್ಲಿ ಜೋಡಿಸಿ ಚಕ್ರಕ್ಕೆ ಕೈ ಹಾಕಿದಳು. ಕೆಲಸವಿಲ್ಲದ ಮುಳ್ಳಣ್ಣ ಎದುರಿಗೆ ಸ್ಟೂಲಿನ ಮೇಲೆ ಕೂತಿದ್ದ. ಕಬ್ಬಿಣ ಕಿರುಗುಟ್ಟಿತು, ಹಲಗೆಗಳು ಬಿಗಿಯಾದವು, ಉಂಗುರ ಚಕ್ರದ ಅಂಚಿಗೆ ತಾಗಿ ಟಿಣ್ ಎಂದಿತು. ಅವಳು ಕೈ ತೆಗೆದಾಗ ಅದು ದುಂಡಗೇ ಇತ್ತು. ಒಂದು ಸಣ್ಣ ಗೀರು ಬಿದ್ದಿತ್ತು, ಅಷ್ಟೇ.

ಅವನು ಇನ್ನೂ ನೋಡುತ್ತಲೇ ಇದ್ದ.

"ಏನ್ರೀ ಹಾಗೆ ನೋಡ್ತೀರಿ?"

"ಮುಳ್ಳು ನಿಲ್ಲಲಿ ಅಂತ."

"ನಿಂತಾಯ್ತು. ಏಳಿ, ಆ ಕಟ್ಟು ಈ ಕಡೆ ಎತ್ತಿಡಿ," ಎಂದಳು ಅಂಟಕ್ಕ.